ಹೊಲಿಗೆ ಯಂತ್ರದ ಪಕ್ಷ

ನಾನು ಒಂದು ರಾಜಕೀಯ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ನಂಬುತ್ತಿರಲಿಲ್ಲ. ಆ ಹುದ್ದೆ ನನಗೆ ಸಿಕ್ಕಿದ್ದು ನಮ್ಮ ಮನೆಯಲ್ಲಿ ಒಂದು ಮರಾಠಿ ಟೈಪ್‌ರೈಟರ್ ಇತ್ತು ಎಂಬ ಒಂದೇ ಕಾರಣಕ್ಕೆ.

ತೊಂಬತ್ತರ ದಶಕದಲ್ಲಿ ನಾವು ಪುಣೆಯ ಸದಾಶಿವ ಪೇಠದ ಹತ್ತಾರು ಬಾಡಿಗೆ ಸಂಸಾರಗಳ ಒಂದು ಹಳೆಯ ವಾಡೆಯಲ್ಲಿದ್ದೆವು. ಮಹಡಿಯ ಮೇಲೆ ನಮ್ಮವು ಎರಡು ಖೋಲಿ. ನಮ್ಮ ಯಜಮಾನರು ಬೆಳಿಗ್ಗೆ ಆರಕ್ಕೇ ಪಿಂಪ್ರಿಯ ಕಾರ್ಖಾನೆಗೆ ಹೊರಡುತ್ತಿದ್ದರು. ನಾನು ಲಾರಿ ಸಾಗಾಣಿಕೆಯ ಆಫೀಸೊಂದರಲ್ಲಿ ಟೈಪಿಸ್ಟ್. ಕೆಳಗೆ ಅಂಗಳಕ್ಕೆ ಹತ್ತಿಕೊಂಡು ಕಾಕಾನ ಖಾನಾವಳಿ ಇತ್ತು. ಕಾಕಾ ನಮಗೆ ಸಂಬಂಧಿಕರೇನಲ್ಲ. ಇಂಡಿ ತಾಲೂಕಿನಿಂದ ಬಂದು ಮೂವತ್ತು ವರ್ಷ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿ ಬಡಿಸಿ ಇಡೀ ಪೇಠಕ್ಕೆ ಕಾಕಾ ಆಗಿದ್ದರು. ಅವರ ಹೆಂಡತಿ ಕಾಕು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದರು, ಮಧ್ಯಾಹ್ನ ಖಾನಾವಳಿಯ ಬಾಗಿಲಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದರು. ಕಾಕಾ ಮಾತಾಡುತ್ತಿದ್ದರು. ಕೆಲಸ ಹಾಗೆ ಹಂಚಿಹೋಗಿತ್ತು.

ಪಕ್ಷ ಹುಟ್ಟಿದ್ದು ಒಂದು ಖುರ್ಚಿಯಿಂದ. ಆ ವರ್ಷ ನಮ್ಮ ಗಲ್ಲಿಯ ಗಣಪತಿಗೆ ಪ್ರಸಾದದ ಉಪ್ಪಿಟ್ಟು ಕಾಕಾನದು. ಬಹುಮಾನ ಹಂಚುವ ದಿನ ಅವರು ಇಸ್ತ್ರಿ ಮಾಡಿದ ಧೋತರ ಉಟ್ಟು ಮುಂದಿನ ಸಾಲಿನ ಖುರ್ಚಿಯಲ್ಲಿ ಕುಳಿತರು. ಅಷ್ಟರಲ್ಲಿ ನಗರಸೇವಕರ, ಅಂದರೆ ನಮ್ಮ ವಾರ್ಡಿನ ಕಾರ್ಪೊರೇಟರರ, ಮೈದುನ ಬಂದ. ಗಣಪತಿ ಮಂಡಳದವನೊಬ್ಬ ಕಾಕಾನ ಭುಜ ಮುಟ್ಟಿ, "ಕಾಕಾ, ಜರಾ ಬಾಜೂಲಾ ವ್ಹಾ" ಎಂದ. ಕಾಕಾ ಬಾಜುವಿಗೆ ಸರಿದರು. ಅಲ್ಲಿ ಖುರ್ಚಿ ಇರಲಿಲ್ಲ. ಒಂದೂವರೆ ತಾಸು, ಚಮಚ-ಲಿಂಬೆ ಓಟದ ಮೂರನೇ ಬಹುಮಾನದವರೆಗೂ ನಿಂತೇ ಇದ್ದರು.

ಮನೆಗೆ ಬಂದವರೇ ಘೋಷಿಸಿದರು: "ನಾ ಒಂದು ಪಕ್ಷ ಕಟ್ಟತೀನಿ."

ಕಾಕು ತಲೆ ಎತ್ತಲಿಲ್ಲ. "ಕಟ್ಟರಿ. ಮೊದಲ ಆ ಹಿಟ್ಟಿನ ಚೀಲದ ಬಾಯಿ ಕಟ್ಟರಿ. ಇಲಿ ಓಡ್ಯಾಡಾಕತ್ತಾವ."

ಆದರೆ ಕಾಕಾ ಸುಮ್ಮನಾಗಲಿಲ್ಲ. ಮರುದಿನವೇ ಮಾಸ್ತರರನ್ನು ಕರೆಸಿದರು. ಮಾಸ್ತರರು ಕನ್ನಡ ಶಾಲೆಯಿಂದ ನಿವೃತ್ತರಾದವರು, ಎರಡೂ ಹೊತ್ತು ಖಾನಾವಳಿಯಲ್ಲೇ ಊಟ. ಪುಣೆಯಲ್ಲಿ ಕನ್ನಡ ಕೆಡುತ್ತಿದೆ ಎಂಬ ಕೊರಗು ಅವರನ್ನು ಬಡಕಲು ಮಾಡಿತ್ತು. "ಪುಣೆಯ ಕನ್ನಡಿಗರಿಗೆ ಒಂದು ಪಕ್ಷ ಬೇಕೇ ಬೇಕು" ಎಂದು ಅವರು ತಟ್ಟೆಯ ಮುಂದೆ ಕುಳಿತೇ ಪ್ರಣಾಳಿಕೆ ಹೇಳತೊಡಗಿದರು. ಪಕ್ಷದ ಹೆಸರನ್ನೂ ಅವರೇ ಕೊಟ್ಟರು. ಅದರಲ್ಲಿ ಏಳು ಪದಗಳಿದ್ದವು. ಫಲಕ ಬರೆಯುವವನು ಐದನೇ ಪದಕ್ಕೆ ಹಲಗೆ ಮುಗಿಯಿತೆಂದು ಉಳಿದ ಎರಡನ್ನು ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಬರೆದ. ಹಾಗಾಗಿ ಜನ ಹೆಸರು ಓದುವಾಗ ಕೊನೆಗೆ ಕುತ್ತಿಗೆ ಓರೆ ಮಾಡುತ್ತಿದ್ದರು.

ಪ್ರಣಾಳಿಕೆ ಆರು ಪುಟ ಆಯಿತು, ಅದೂ ಎಂಥ ಕನ್ನಡ. ನಾನು ಬಿ.ಎ.ವರೆಗೆ ಕನ್ನಡ ಓದಿದವಳು, ನನಗೇ ಮೂರು ಕಡೆ ಕ್ರಿಯಾಪದ ಸಿಗಲಿಲ್ಲ. ಅದನ್ನು ಮರಾಠಿಗೆ ಮಾಡಿ ಟೈಪ್ ಮಾಡುವ ಕೆಲಸ ನನಗೆ ಬಿತ್ತು. ಆಫೀಸಿನಿಂದ ಬಂದು, ಕುಕ್ಕರ್ ಇಟ್ಟು, ಅದು ಕೂಗುವುದರೊಳಗೆ ಮುಗಿಸಬೇಕೆಂದು ನಾನು ಆರು ಪುಟವನ್ನು ಎರಡು ಸಾಲಿಗೆ ಇಳಿಸಿದೆ: ವಾಚನಾಲಯಕ್ಕೆ ಕನ್ನಡ ಪೇಪರ್ ಬರಬೇಕು, ವಿಜಾಪುರದ ಬಸ್ಸು ನಿಲ್ಲುವ ಕಡೆ ನೆರಳು ಬೇಕು. ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮರಾಠಿ ಭಾಳ ಸಂಕ್ಷಿಪ್ತ ಭಾಷೆ ನೋಡ್ರಿ" ಎಂದರು.

ನೋಂದಣಿಗೆ ಏಳು ಪದಾಧಿಕಾರಿಗಳ ಸಹಿ ಬೇಕಿತ್ತು. ಕಾಕಾ, ಮಾಸ್ತರರು, ನಾನು ಅಲ್ಲದೆ ಖಾನಾವಳಿಯ ಖಾಯಂ ಊಟದವರಲ್ಲಿ ಮೂವರನ್ನು ಹಿಡಿದರೂ ಒಂದು ಕಡಿಮೆ ಬಿತ್ತು. ಒಂದು ರವಿವಾರ ನಮ್ಮ ಯಜಮಾನರು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕುಳಿತಿದ್ದಾಗ ಕಾಕಾ ಕಾಗದ ಮುಂದೆ ಹಿಡಿದರು. ಇವರು ಅದು ಎರಡನೇ ಗ್ಯಾಸ್ ಸಿಲಿಂಡರಿನ ಅರ್ಜಿ ಎಂದುಕೊಂಡು ಸಹಿ ಹಾಕಿ ಉಪಾಧ್ಯಕ್ಷರಾದರು. ಅನೇಕ ತಿಂಗಳ ನಂತರ ಗೊತ್ತಾದಾಗ ಅವರಿಗೆ ಸಿಟ್ಟು ಬಂದದ್ದು ಸಿಲಿಂಡರ್ ಬರುವುದಿಲ್ಲ ಎಂಬುದಕ್ಕೆ.

ಪಕ್ಷದ ಮೊದಲ ಅಧಿವೇಶನ ಜೇಜುರಿಯಲ್ಲಿ ಎಂದು ಕಾಕಾ ನಿರ್ಧರಿಸಿದರು. ಅಲ್ಲಿನ ಖಂಡೋಬ ನಮ್ಮ ಕಡೆಯವರಿಗೆ ಮೈಲಾರಲಿಂಗ, ಕರೆದರೆ ಇಲ್ಲವೆನ್ನುವವರಿಲ್ಲ. ಕಟ್ಟಡದ ಕೆಲಸಕ್ಕೆ ಬಂದ ಕಲಬುರ್ಗಿ ಕಡೆಯ ಸಂಸಾರಗಳೆಲ್ಲ ಮೂರು ಟೆಂಪೋ ತುಂಬಿಕೊಂಡು ಹೊರಟವು. ಟೆಂಪೋಗಳ ಹಣೆಗೆ ಪಕ್ಷದ ಬಟ್ಟೆ ಕಟ್ಟಿತ್ತು. ಮೆಟ್ಟಿಲ ಬುಡದಲ್ಲಿ ಸಣ್ಣ ಶಾಮಿಯಾನ. ಕಾಕಾ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ ಮೈಕಿನ ಮುಂದೆ ನಿಂತು, "ಬಂಧು ಭಗಿನಿಯರೇ" ಎನ್ನುವಷ್ಟರಲ್ಲಿ ಬಂಧು ಭಗಿನಿಯರು ಗುಡಿಯ ಮೆಟ್ಟಿಲ ಅರ್ಧಕ್ಕೆ ಏರಿಬಿಟ್ಟಿದ್ದರು. ಶಾಮಿಯಾನದಲ್ಲಿ ಉಳಿದದ್ದು ನಾವು ಐದಾರು ಜನ ಮತ್ತು ಮೊಣಕಾಲು ನೋವಿನ ಇಬ್ಬರು ಮುದುಕಿಯರು.

ಕಾಕಾ ಆ ಮುದುಕಿಯರಿಗೇ ಮುಕ್ಕಾಲು ತಾಸು ಭಾಷಣ ಮಾಡಿದರು. ಕೊನೆಕೊನೆಗೆ ಮೇಲಿಂದ ಇಳಿದು ಬಂದವರು ಉಮೇದಿನಲ್ಲಿ ಭಂಡಾರ ತೂರಿದರು. ನೋಡುನೋಡುತ್ತ ಅಧ್ಯಕ್ಷರು, ಮಾಸ್ತರರು, ಮೈಕು, ಪ್ರಣಾಳಿಕೆ ಎಲ್ಲ ಅರಿಶಿನ. ನಾನು ಕೈ ಹಿಡಿದು ಟೆಂಪೋಕ್ಕೆ ಕರೆದುಕೊಂಡು ಹೋದದ್ದು ನಮ್ಮ ಯಜಮಾನರನ್ನಲ್ಲ, ಬೇರೆ ಯಾರನ್ನೋ ಎಂದು ಅವನು ಮಾತಾಡಿದ ಮೇಲೆಯೇ ತಿಳಿಯಿತು. ಎರಡು ದಿನ ಬಿಟ್ಟು ಒಂದು ಮರಾಠಿ ಪೇಪರಿನಲ್ಲಿ ಫೋಟೋ ಬಂತು. ಕೆಳಗೆ ಬರೆದಿತ್ತು: ಜೇಜುರಿಯಲ್ಲಿ ಕರ್ನಾಟಕದ ಭಕ್ತರು. ಕಾಕಾ ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. "ಭಕ್ತರು ಅಂದ್ರ ಏನಾತು? ಮುಖ ನಮ್ದೇ ಅದಲ್ಲ" ಎಂದರು. ಮುಖವೂ ಯಾರದೆಂದು ಗುರುತು ಸಿಗುವಂತಿರಲಿಲ್ಲ.

ಮಹಾನಗರಪಾಲಿಕೆಯ ಚುನಾವಣೆ ಬಂದಾಗ ಕಾಕಾ ನಮ್ಮ ವಾರ್ಡಿನಿಂದ ನಿಂತರು. ಚಿಹ್ನೆಗೆ ರೊಟ್ಟಿ ಬೇಕೆಂದು ಅರ್ಜಿ ಕೊಟ್ಟಿದ್ದರು. ಯಾದಿಯಲ್ಲಿ ರೊಟ್ಟಿ ಇಲ್ಲ, ಉಳಿದಿರುವುದು ಫ್ಯಾನು, ಗರಗಸ, ಹೊಲಿಗೆ ಯಂತ್ರ ಎಂದರು ಅಲ್ಲಿಯ ಗುಮಾಸ್ತರು. ಕಾಕಾ ಮನೆಯಲ್ಲಿ ಯಾವುದಿದೆ ಎಂದು ನೆನೆದು ಹೊಲಿಗೆ ಯಂತ್ರ ಎಂದರು.

ಪ್ರಚಾರಕ್ಕೆ ಚಿಹ್ನೆಯನ್ನು ಜನರಿಗೆ ತೋರಿಸಬೇಕಲ್ಲ? ಕಾಕುವಿನ ಕಾಲುತುಳಿತದ ಯಂತ್ರವನ್ನು ಕೈಗಾಡಿಯ ಮೇಲೆ ಏರಿಸಿದೆವು. ಖಾಲಿ ಯಂತ್ರ ಚೆನ್ನಾಗಿ ಕಾಣುವುದಿಲ್ಲ ಎಂದು ಕಾಕುವನ್ನೂ ಏರಿಸಿದೆವು. ಸುಮ್ಮನೆ ಕೂರುವುದು ಕಾಕುವಿಗೆ ಬರುವುದಿಲ್ಲ. ಗಾಡಿ ಮೊದಲ ತಿರುವು ದಾಟುವುದರೊಳಗೆ ತಲೆದಿಂಬಿನ ಚೀಲವೊಂದನ್ನು ಹೊಲಿದು ಮುಗಿಸಿದರು. ಎರಡನೇ ಗಲ್ಲಿಯಲ್ಲಿ ಒಬ್ಬ ಅಜ್ಜಿ ಮಹಡಿಯಿಂದ ಕೂಗಿ, ಸೀರೆಗೆ ಫಾಲ್ ಹಚ್ಚಿ ಕೊಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರು. ಕಾಕು ಕೈಚಾಚಿದರು. ಆಮೇಲೆ ಕಿಟಕಿ ಕಿಟಕಿಯಿಂದ ಬ್ಲೌಸು, ಪರಕಾರ, ಹರಿದ ಪರದೆ ಇಳಿಯತೊಡಗಿದವು. ಮುಂದೆ ಕಾಕಾ ಕೈ ಮುಗಿಯುತ್ತ ನಡೆಯುತ್ತಿದ್ದರು, ಅವರತ್ತ ಯಾರೂ ನೋಡಲಿಲ್ಲ. ಹಿಂದೆ ಕೈಗಾಡಿಯ ಸುತ್ತ ಹೆಂಗಸರ ಜಾತ್ರೆ. ಇಡೀ ವಾರ್ಡಿನಲ್ಲಿ ಕನ್ನಡದವರ ಮತಗಳು ಊಟದ ಒಂದು ಪಂಗ್ತಿಗೆ ಆಗುವಷ್ಟಿದ್ದವು. ಕಾಕು ಹೊಲಿದು ಕೊಡುತ್ತಿದ್ದದ್ದೆಲ್ಲ ಮರಾಠಿ ಬ್ಲೌಸುಗಳು.

ಎದುರಾಳಿಗಳು ದೂರು ಕೊಟ್ಟರು, ಇದು ಆಮಿಷ ಎಂದು. ಚುನಾವಣೆಯ ಅಧಿಕಾರಿಯೊಬ್ಬರು ಬಂದು ಕೈಗಾಡಿಯನ್ನು ಮೂರು ಸುತ್ತು ಹಾಕಿದರು. ಅವರ ತೋಳಿನ ಗುಂಡಿಯೊಂದು ಜೋತಾಡುತ್ತಿತ್ತು. ಕಾಕು ಅದನ್ನೇ ನೋಡುತ್ತಿದ್ದರು. ಅಧಿಕಾರಿ ನಿಯಮ ಓದಿ ಹೇಳುವಷ್ಟರಲ್ಲಿ ಕಾಕು ಸೂಜಿಗೆ ದಾರ ಪೋಣಿಸಿ ಗುಂಡಿ ಹಚ್ಚಿಯೇಬಿಟ್ಟರು. ಅಧಿಕಾರಿ ತೋಳನ್ನು ಹಿಂದಕ್ಕೆ ಎಳೆದುಕೊಂಡು, ಚಿಹ್ನೆಯನ್ನು ತೋರಿಸಬಹುದು, ಆದರೆ ಚಿಹ್ನೆಯಿಂದ ಕೆಲಸ ಮಾಡಿಸುವಂತಿಲ್ಲ ಎಂದು ತೀರ್ಪು ಕೊಟ್ಟು ಹೋದರು. ಅಂದಿನಿಂದ ಕಾಕು ದಾರವಿಲ್ಲದೆ ತುಳಿದರು. ಕೊಟ್ಟ ಬಟ್ಟೆಯ ಮೇಲೆ ಬರೀ ಸೂಜಿ ಓಡಿಸಿ ಹಿಂದಕ್ಕೆ ಕೊಟ್ಟು, "ಮಧ್ಯಾಹ್ನ ಮನಿಗಿ ಬರ್ರಿ, ದಾರ ಅಲ್ಲೇ ಅದ" ಎನ್ನುತ್ತಿದ್ದರು.

ದೊಡ್ಡ ಪಕ್ಷಗಳೆರಡೂ ಒಳಜಗಳದಲ್ಲಿ ಮತ ಹಂಚಿಕೊಂಡವು. ಕಾಕಾ ಗೆದ್ದರು. ಮತಗಳ ಅಂತರವೆಂದರೆ ಸಿಟಿ ಬಸ್ಸೊಂದರಲ್ಲಿ ಕೂರುವಷ್ಟು ಜನ, ನಿಂತವರನ್ನು ಬಿಟ್ಟು. ಗೆಲುವಿನ ಸುದ್ದಿ ಬಂದಾಗ ಕಾಕಾ ಖಾನಾವಳಿಯ ಕಟ್ಟೆಯ ಮೇಲೆ ಕುಳಿತು ಅತ್ತರು. ಮಾಸ್ತರರೂ ಅತ್ತರು. ಉಪಾಧ್ಯಕ್ಷರು ಪಾಳಿಯಲ್ಲಿದ್ದರು.

ಪಾಲಿಕೆಯಲ್ಲಿ ಯಾರಿಗೂ ಬಹುಮತ ಇರಲಿಲ್ಲ. ಮಹಾಪೌರರ ಆಯ್ಕೆಗೆ ಮೊದಲು ಒಂದು ಬಣದವರು ಬಂದು ಕಾಕಾನನ್ನು ಗೌರವದಿಂದ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಮೂರು ದಿನ ಪತ್ತೆ ಇಲ್ಲ. ನಾಲ್ಕನೇ ದಿನ ಕಾಕಾ ಒಂದು ಅಂಗಡಿಯಿಂದ ಫೋನ್ ಮಾಡಿದರು. ನಮ್ಮ ಆಫೀಸಿನ ಫೋನಿಗೆ.

"ತಂಗಿ, ನಾ ಇಂದಾಪುರದಾಗ ಅದೀನಿ. ಸುತ್ತ ಕಬ್ಬು. ನಿಮ್ಮ ಕಾಕೂಗ ಕೇಳು, ಹದಿನಾಕ ಮಂದಿಗಿ ಝುಣಕಾ ಮಾಡಬೇಕಂದ್ರ ಕಡ್ಲಿಹಿಟ್ಟು ಎಷ್ಟು ಹಿಡೀಬೇಕು?"

"ಕಾಕಾ, ನಿಮ್ಮನ್ನ ಅಲ್ಲಿ ಕೂಡಿ ಹಾಕ್ಯಾರೇನ್ರಿ?"

"ಹಂಗೇನಿಲ್ಲ. ಇಲ್ಲಿ ಅಡಿಗಿ ಮಾಡಾಂವ ಉಪ್ಪು ಎರಡು ಸರ್ತಿ ಹಾಕ್ತಾನ. ನಾನೇ ಒಳಗ ಹೊಕ್ಕೀನಿ."

ಹೀಗೆ ನಾಲ್ಕು ದಿನ ಆ ಬಣದ ಹದಿನಾಲ್ಕು ಜನ ನಗರಸೇವಕರಿಗೆ ಅಡುಗೆ ಮಾಡಿ ಹಾಕಿ, ಅವರೊಂದಿಗೇ ಸಭಾಗೃಹಕ್ಕೆ ಬಂದರು. ಕೈ ಎತ್ತಿ ಮತ ಹಾಕುವ ಪದ್ಧತಿ. ಎದುರಿನ ಬಣದ ಹೆಸರು ಕೂಗಿ ಎಣಿಕೆ ನಡೆದಿದ್ದಾಗ ಕಾಕಾನಿಗೆ ಬಾಯಾರಿಕೆಯಾಗಿ, ನೀರು ಕೊಡುವ ಸಿಪಾಯಿಯನ್ನು ಕರೆಯಲು ಕೈ ಎತ್ತಿದರು. ಎಣಿಸಿಬಿಟ್ಟರು. ಎದುರಿನ ಬಣ ಹೇಗೂ ಗೆಲ್ಲುತ್ತಿತ್ತು, ಕಾಕಾನ ಕೈ ಲೆಕ್ಕಕ್ಕೇ ಬೇಕಿರಲಿಲ್ಲ. ಆದರೆ ಕಾಕಾನ ಝುಣಕಾ ಉಂಡವರು ಮಾತು ಬಿಟ್ಟರು. ಗೆದ್ದವರು, ನೀರಿಗಾಗಿ ಎತ್ತಿದ್ದು ಎಂದು ತಿಳಿದು, ಹತ್ತಿರ ಸೇರಿಸಲಿಲ್ಲ. ಐದು ವರ್ಷ ಕಾಕಾ ಸಭಾಗೃಹದಲ್ಲಿ ಒಂಟಿಯಾಗಿ, ಮನೆಯಿಂದ ತಾಮ್ರದ ತಂಬಿಗೆ ಒಯ್ದು ಕುಳಿತರು.

ಕಾಕಾನಿಗೆ ಉದ್ಘಾಟನೆಯೆಂದರೆ ಪ್ರಾಣ. ಸೈಕಲ್ ಅಂಗಡಿ, ಟ್ಯೂಷನ್ ಕ್ಲಾಸು, ಹೊಸ ಗಟಾರದ ಮುಚ್ಚಳ ಏನಿದ್ದರೂ ಹೋಗುತ್ತಿದ್ದರು. ಇತ್ತ ವಾರ್ಡಿನ ದೂರುಗಳೆಲ್ಲ ಹೊಲಿಗೆ ಯಂತ್ರದ ಹತ್ತಿರ ಬರುತ್ತಿದ್ದವು. ನೀರು ಬಂದಿಲ್ಲ, ಬೀದಿದೀಪ ಹತ್ತುತ್ತಿಲ್ಲ, ಕಸದವನು ಗಲ್ಲಿ ತಪ್ಪಿಸುತ್ತಾನೆ. ಕಾಕು ತುಳಿಯುವುದನ್ನು ನಿಲ್ಲಿಸದೆ ಕೇಳಿ, ಫೋನ್ ಎತ್ತಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಇಂಜಿನಿಯರರೊಡನೆ ಮಾತಾಡುತ್ತಿದ್ದರು. "ಸಾಹೇಬ, ಪಾಣೀ ನಾಹೀ. ನೀವ ಬಂದು ನೋಡ್ರಿ, ಊಟಾ ಮಾಡಿಕೊಂಡು ಹೋಗ್ರಿ." ಇಂಜಿನಿಯರರು ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಎಂಟು ದಿನದಲ್ಲಿ ನೀರೂ ಬರುತ್ತಿತ್ತು. ಆ ಕಾಗದಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳು ನಾನು. ಕೆಳಗೆ ಕಾಕಾನ ಸಹಿ ಇರುತ್ತಿತ್ತು, ಕೆಲಸ ಕಾಕುವಿನದು. ನನಗೆ ಅದು ಆಗ ವಿಚಿತ್ರವೆನಿಸಲಿಲ್ಲ. ಕಾಕುವಿಗೆ ಅನಿಸಿತ್ತೇನೋ, ಒಮ್ಮೆಯೂ ಹೇಳಲಿಲ್ಲ.

ಪಕ್ಷ ಒಡೆದದ್ದು ಮಾಸ್ತರರಿಂದ. ಯಾವುದೋ ಶಾಲೆಯ ಸಮಾರಂಭದಲ್ಲಿ ಕಾಕಾ ಪೂರ್ತಿ ಭಾಷಣವನ್ನು ಮರಾಠಿಯಲ್ಲಿ ಮಾಡಿದರು. ಮಾಸ್ತರರಿಗೆ ಅದು ಸಹಿಸಲಾರದ ದ್ರೋಹ. ಮರುದಿನ ಸಂಜೆ ನಮ್ಮ ಮನೆಗೆ ಬಂದು, ಅಧ್ಯಕ್ಷರನ್ನು ಉಚ್ಚಾಟಿಸುವ ಪತ್ರ ಹೊಡೆಯಿರಿ ಎಂದರು.

"ನನ್ನ ಹತ್ರ ಇರೂದು ಮರಾಠಿ ಮಶೀನ್‌ರಿ, ಮಾಸ್ತರ."

ಅವರು ಬಗ್ಗಿ ಕೀಲಿಗಳ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ನೋಡಿದರು. "ಹೊಡೀರಿ" ಎಂದರು ಕೊನೆಗೆ. ಮರಾಠಿ ಮಾತಾಡಿದ್ದಕ್ಕಾಗಿ ಉಚ್ಚಾಟಿಸಲಾಗಿದೆ ಎಂದು ಮರಾಠಿಯಲ್ಲಿ ಹೊಡೆದು ಕೊಟ್ಟೆ. ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ಕಾಕಾ ಮೆಟ್ಟಿಲು ಏರಿ ಬಂದರು. ಅವರಿಗೂ ಒಂದು ಉಚ್ಚಾಟನೆಯ ಪತ್ರ ಬೇಕಿತ್ತು, ಮಾಸ್ತರರ ಹೆಸರಿಗೆ. ಮಾಸ್ತರರ ಪತ್ರದ ಕಾರ್ಬನ್ ಪ್ರತಿ ಇನ್ನೂ ಮೇಜಿನ ಮೇಲೆಯೇ ಇತ್ತು. ಹೆಸರು ಬದಲಿಸಿ ಅದೇ ಒಕ್ಕಣೆ ಹೊಡೆದೆ.

ಮಾಸ್ತರರು ಪಕ್ಷದ ರಬ್ಬರ್ ಸ್ಟಾಂಪ್ ತೆಗೆದುಕೊಂಡು ಹೋಗಿ ಬೇರೆ ಪಕ್ಷ ಕಟ್ಟಿದರು. ಆದರೆ ರೊಟ್ಟಿ ಸಿಗುವ ಬೇರೆ ಖಾನಾವಳಿ ಪೇಠದಲ್ಲಿರಲಿಲ್ಲ. ಎರಡೂ ಪಕ್ಷಗಳ ಅಧ್ಯಕ್ಷರು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಊಟ ಮಾಡುತ್ತಿದ್ದರು. ಮಾಸ್ತರರಿಗೆ ಮಜ್ಜಿಗೆ ಬೇಕಾದರೆ ನಮ್ಮ ಯಜಮಾನರ ಕಡೆ ತಿರುಗಿ, "ಉಪಾಧ್ಯಕ್ಷರೇ, ಅವರಿಗೆ ಹೇಳ್ರಿ" ಎನ್ನುತ್ತಿದ್ದರು. ಇವರು ಹೇಳುತ್ತಿದ್ದರು. ಪಕ್ಷದಲ್ಲಿ ಇವರು ಮಾಡಿದ ಕೆಲಸ ಅದೊಂದೇ.

ಮುಂದಿನ ಚುನಾವಣೆಗೆ ಚೀಟಿ ಎತ್ತಿದಾಗ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ನಾನು ಖಾನಾವಳಿಯಲ್ಲಿ ಕಾಕುವಿನೊಂದಿಗೆ ಮೆಂತ್ಯೆ ಸೋಸುತ್ತ ಕುಳಿತಿದ್ದಾಗ ಕಾಕಾ ಒಳಗೆ ಬಂದು ಬಹಳ ಉದಾರವಾಗಿ ಹೇಳಿದರು: "ಏನೂ ಚಿಂತಿ ಇಲ್ಲ. ಈ ಸಲ ನೀ ನಿಲ್ಲು. ಸಹಿ ಎಲ್ಲೆಲ್ಲಿ ಹಾಕೂದು ಅಂತ ನಾ ತೋರಿಸ್ತೀನಿ."

ಕಾಕು ಮೆಂತ್ಯೆಯ ಕಡ್ಡಿ ಆರಿಸುತ್ತಲೇ, "ನಾ ನಿಂತೀನ್ರಿ. ನಿನ್ನೆ ಫಾರ್ಮ್ ತುಂಬೀನಿ" ಎಂದರು.

"ಯಾವ ಫಾರ್ಮ್?"

ಕಾಕು ಒಂದು ದೊಡ್ಡ ಪಕ್ಷದ ಹೆಸರು ಹೇಳಿದರು. ಕಾಕಾ ಅಲ್ಲೇ ಜೋಳದ ಚೀಲದ ಮೇಲೆ ಕುಳಿತರು.

"ನಮ್ಮ ಪಕ್ಷ ಬಿಟ್ಟು?"

"ಅವರು ಬಂದು, ನಿಲ್ತೀರೇನ್ರಿ ಬಾಯಾರ ಅಂತ ಕೇಳಿದ್ರು. ನೀವು ಕೇಳಲಿಲ್ಲ, ಹೇಳಿದ್ರಿ."

ಕಾಕಾ ಸೊಪ್ಪಿನ ಕಟ್ಟೊಂದನ್ನು ಎತ್ತಿಕೊಂಡು ತಾವೂ ಸೋಸತೊಡಗಿದರು, ಎಲೆಯನ್ನೆಲ್ಲ ಕಸಕ್ಕೆ ಹಾಕಿ ಕಡ್ಡಿ ಇಟ್ಟುಕೊಳ್ಳುತ್ತ. ಆಮೇಲೆ ನನ್ನ ಕಡೆ ನೋಡಿದರು. ನಾನು ಮಹಿಳೆ ಎಂಬುದು ಅವರಿಗೆ ಆ ಕ್ಷಣ ಹೊಳೆಯಿತು ಎಂದು ಕಾಣುತ್ತದೆ.

ಹೀಗೆ ನಾನು ಕಾಕುವಿನ ವಿರುದ್ಧ ಅಭ್ಯರ್ಥಿಯಾದೆ. ಬೇಡವೆಂದು ಅತ್ತು ಕರೆದು ಹೇಳಿದೆ; ಪಕ್ಷದಲ್ಲಿ ಬೇರೆ ಹೆಂಗಸರೇ ಇರಲಿಲ್ಲ. ಕಾಕು ಮಾತ್ರ ಸಮಾಧಾನವಾಗಿ, "ನಿಲ್ಲವಾ, ಅವರಿಗೂ ಒಂದು ಕೆಲಸ ಬೇಕಲ್ಲ" ಎಂದರು. ಪ್ರಚಾರಕ್ಕೆಂದು ನನಗೆ ಒಂದು ಹೊಸ ಬ್ಲೌಸನ್ನೂ ಹೊಲಿದುಕೊಟ್ಟರು. ಅಳತೆ ತೆಗೆದುಕೊಳ್ಳುವಾಗ, ಬಿಸಿಲಲ್ಲಿ ಅಡ್ಡಾಡುತ್ತೀ, ತೋಳು ಸಡಿಲ ಇರಲಿ ಎಂದರು.

ಚಿಹ್ನೆ ಕೇಳಲು ಹೋದಾಗ ಹೊಲಿಗೆ ಯಂತ್ರವನ್ನು ನಮಗಿಂತ ಮೊದಲೇ ಯಾರೋ ಪಕ್ಷೇತರ ಮಹಿಳೆ ಪಡೆದುಕೊಂಡಾಗಿತ್ತು. ನಮಗೆ ಬಂದದ್ದು ಕಪ್ಪು-ಬಶಿ. ಕಾಕಾ ದಿನವೂ ಬೆಳಿಗ್ಗೆ ನನ್ನ ಮುಂದೆ ಕಪ್ಪು-ಬಶಿ ಎತ್ತಿ ಹಿಡಿದು ಗಲ್ಲಿ ಗಲ್ಲಿ ತಿರುಗುತ್ತಿದ್ದರು. ಜನ ಚಹಾ ಹಾಕಿ ಕೊಡುತ್ತಿದ್ದರು. ಹದಿನಾರು ಮನೆಯ ಚಹಾ ಕುಡಿದು ನನಗೆ ಹೊಟ್ಟೆ ಕೆಟ್ಟು ಎರಡು ದಿನ ಪ್ರಚಾರ ನಿಂತಿತು. ಮಧ್ಯಾಹ್ನ ನಾವಿಬ್ಬರೂ ಬಂದು ಎದುರಾಳಿ ಅಭ್ಯರ್ಥಿ ಬಡಿಸಿದ ರೊಟ್ಟಿ ತಿನ್ನುತ್ತಿದ್ದೆವು. ನನ್ನ ಹೊಟ್ಟೆಗೆಂದು ಆ ಎರಡು ದಿನ ಮೊಸರನ್ನ ಬೇರೆ ಮಾಡಿದ್ದರು.

ಕಾಕು ಗೆದ್ದರು. ಆದರೆ ಎಣಿಕೆಯ ಕೊನೆಯವರೆಗೂ ಅವರ ಬೆನ್ನು ಬಿಡದೆ ಓಡಿದವರು ಆ ಹೊಲಿಗೆ ಯಂತ್ರದ ಪಕ್ಷೇತರ ಮಹಿಳೆ. ಅವರನ್ನು ಯಾರೂ ನೋಡಿರಲಿಲ್ಲ, ಅವರು ಒಂದು ದಿನವೂ ಪ್ರಚಾರಕ್ಕೆ ಬಂದವರಲ್ಲ. ವಾರ್ಡಿನ ಅರ್ಧ ಹೆಂಗಸರು, ಅದು ಕಾಕುವಿನ ಯಂತ್ರ ಎಂದುಕೊಂಡು ಅದಕ್ಕೇ ಹಾಕಿದ್ದರು.

ನನ್ನ ಫಲಿತಾಂಶವನ್ನೂ ಹೇಳಿಬಿಡುತ್ತೇನೆ. ನಮ್ಮ ವಾಡೆಯ ಮತಗಟ್ಟೆಯಲ್ಲಿ ನನಗೆ ಬಿದ್ದದ್ದು ಒಂದೇ ಮತ. ಆ ಸಂಜೆ ಕಾಕಾ ಬಂದು, "ತಂಗಿ, ಯಾರು ಕೈಬಿಟ್ಟರೂ ನಾ ಬಿಡಲಿಲ್ಲ ನೋಡು" ಎಂದರು. ಮಾಸ್ತರರು ಬಂದು, ಸಿದ್ಧಾಂತ ಬೇರೆಯಾದರೂ ಕನ್ನಡದ ಹೆಣ್ಣುಮಗಳೆಂದು ತಾವು ನನಗೇ ಹಾಕಿದ್ದಾಗಿ ಗುಟ್ಟಾಗಿ ಹೇಳಿದರು. ಅದನ್ನೇ ನಮ್ಮ ಯಜಮಾನರು ದೇವರ ಫೋಟೋ ಮುಟ್ಟಿ ಹೇಳಿದರು. ಮೂವರಿಗೂ ನಾನು ಉಪಕಾರವಾಯಿತು ಎಂದೆ. ನಾನು ಸ್ವತಃ ಕಾಕುವಿಗೆ ಹಾಕಿದ್ದೆ. ಅದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಅಲ್ಲಿಗೆ ಪಕ್ಷ ಮುಗಿಯಿತು. ವಿಸರ್ಜಿಸಲು ಸಭೆ ಕರೆದಾಗ ಕೋರಂ ಆಗಲಿಲ್ಲ, ಹಾಗಾಗಿ ವಿಸರ್ಜನೆಯೂ ಆಗಲಿಲ್ಲ. ಕಾಕು ಸಭಾಗೃಹದಲ್ಲಿ ಸ್ವೆಟರ್ ಹೆಣೆಯುತ್ತ ಕುಳಿತು ಸರದಿ ಬಂದಾಗ ಎದ್ದು ಮಾತಾಡುತ್ತಿದ್ದರು. ನಮ್ಮ ಗಲ್ಲಿಯ ಒಳಚರಂಡಿ ಅವರ ಕಾಲದ್ದು. ಕಾಕಾ ಮೊದಲ ಆರು ತಿಂಗಳು ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಕಾಕುವಿನ ಉದ್ಘಾಟನೆಗಳಿಗೆ ತಾವೇ ಹೋಗತೊಡಗಿದರು.

ಎರಡು ಸಾವಿರದ ನಂತರ, ವಾಡೆ ಕೆಡವುವ ಮಾತು ಶುರುವಾಗಿದ್ದ ದಿನಗಳಲ್ಲಿ, ಒಂದು ಸರಕಾರಿ ಲಕೋಟೆ ಬಂತು. ಅನೇಕ ವರ್ಷಗಳಿಂದ ಯಾವ ಚುನಾವಣೆಯಲ್ಲೂ ಸ್ಪರ್ಧಿಸದ ಕಾರಣ ಪಕ್ಷವನ್ನು ಯಾದಿಯಿಂದ ತೆಗೆಯಲಾಗುವುದು ಎಂದು ಅದರಲ್ಲಿತ್ತು. ಪಕ್ಷದ ಹೆಸರಿನ ಏಳೂ ಪದಗಳನ್ನು ಒಂದೇ ಸಾಲಿನಲ್ಲಿ ಸರಿಯಾಗಿ ಹೊಡೆದಿದ್ದರು. ನಾನು ಓದಿ ಹೇಳಿದೆ. ಕಾಕಾನಿಗೆ ದುಃಖವಾಗಬಹುದೆಂದು ಮೆಲ್ಲಗೆ ಓದಿದೆ.

ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ತಾವೇ ಒಮ್ಮೆ ನೋಡಿದರು. "ಅಂದ್ರ ಇಷ್ಟು ವರ್ಷ ಯಾದಿಯೊಳಗ ಇತ್ತೇನು?"

"ಇತ್ತಂತ್ರಿ, ಕಾಕಾ."

"ದೊಡ್ಡ ದೊಡ್ಡ ಪಕ್ಷಗಳ ಜೋಡಿ?"

"ಅದೇ ಯಾದಿ ಇರಬೇಕ್ರಿ."

ಕಾಕಾ ಎದ್ದು ಚಪ್ಪಲಿ ಮೆಟ್ಟಿದರು. ಮಾಸ್ತರರಿಗೆ ತೋರಿಸಬೇಕು ಎಂದು ಲಕೋಟೆ ಹಿಡಿದುಕೊಂಡು ಹೊರಟರು. ಒಳಗಿನಿಂದ ಕಾಕು, ಬರುವಾಗ ಕೊತ್ತಂಬರಿ ತರ್ರಿ ಎಂದು ಕೂಗಿದರು. ಅವರಿಗೆ ಕೇಳಿಸಿತೋ ಇಲ್ಲವೋ, ಅಂಗಳ ದಾಟಿ ಹೋಗಿಬಿಟ್ಟಿದ್ದರು.